ಮೀನಿನ ಹುರುಪೆಯಂಥ ಮಾಡು

ಹಳೇ ಕಟ್ಟಡ ಉಳಿಸುವ ಪಾಠ ಶುರುವಾದ ಮೊದಲ ವಾರವೇ ನಾನು ವಿದ್ಯಾರ್ಥಿಗಳಿಗೆ ಕೆಲ್ಮ್‌ಸ್ಕಾಟ್ ಮ್ಯಾನರ್ ಫೋಟೊ ತೋರಿಸುತ್ತೇನೆ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ, ಥೇಮ್ಸ್ ನದಿ ಪಕ್ಕದ ಪುಟ್ಟ ಹಳ್ಳಿಯ ಕಲ್ಲಿನ ಮನೆ ಅದು. 1600ರ ಆಸುಪಾಸಿನಲ್ಲಿ ಟರ್ನರ್ ಎಂಬ ರೈತ ಮನೆತನದವರು ಕಟ್ಟಿಸಿದ್ದು. ಹುಡುಗರ ಕಣ್ಣು ಕಲ್ಲಿನ ಚೌಕಟ್ಟಿನ ಕಿಟಕಿಗಳ ಮೇಲೆ ನಿಲ್ಲುತ್ತದೆ. ಮೊದಲು ಮೇಲಿನ ಮಾಡು, ಅಂದರೆ ಛಾವಣಿ, ನೋಡಿ ಎನ್ನುತ್ತೇನೆ ನಾನು.

ಅದು ಹೆಂಚಲ್ಲ, ಸುಣ್ಣದಕಲ್ಲಿನ ತೆಳು ಬಿಲ್ಲೆ. ಸೂರಿನಂಚಿಗೆ ದೊಡ್ಡ ಬಿಲ್ಲೆಗಳು. ಮೇಲೇರಿದಂತೆ ಸಾಲು ಸಾಲಿಗೂ ಚಿಕ್ಕದಾಗುತ್ತಾ ಹೋಗಿ, ನೆತ್ತಿಯ ಹತ್ತಿರ ತೀರಾ ಪುಟ್ಟವು.

“ಚೆಂದ ಕಾಣಲಿ ಅಂತ ಅಲ್ವಾ ಮೇಡಂ?”

ಪ್ರತಿ ವರ್ಷ ಯಾರಾದರೂ ಕೇಳೇ ಕೇಳುತ್ತಾರೆ. ಚೆಂದ ಆಮೇಲೆ ಬಂದದ್ದು. ನೆತ್ತಿಯ ಬಿಲ್ಲೆ ತನ್ನ ಮೇಲೆ ಬಿದ್ದ ಹನಿಗಳನ್ನಷ್ಟೇ ಇಳಿಸಿದರೆ ಸಾಕು. ಸೂರಿನ ಬಿಲ್ಲೆ ಮೇಲಿನಿಂದ ಹರಿದುಬಂದ ನೀರನ್ನೆಲ್ಲ ದಾಟಿಸಬೇಕು. ಸಂದು ಕಡಿಮೆಯಾದಷ್ಟೂ ಸೋರುವುದು ಕಡಿಮೆ, ಹಾಗಾಗಿ ಅಲ್ಲಿ ದೊಡ್ಡ ಕಲ್ಲು. ಜಾಸ್ತಿ ಭಾರವೂ ಗೋಡೆಯ ತಲೆಯ ಮೇಲೇ ಕೂರುತ್ತದೆ. ಗಣಿಯಿಂದ ಬಂದ ಚೂರುಪಾರು ಕಲ್ಲೂ ದಂಡವಾಗುವುದಿಲ್ಲ. ಕಲ್ಲು ಒರಟು, ಒಂದಿಷ್ಟು ನೀರನ್ನೂ ಕುಡಿಯುತ್ತದೆ. ಅದಕ್ಕೇ ಇಳಿಜಾರು ಅಷ್ಟು ಕಡಿದು.

ಇಂಥ ಬಿಲ್ಲೆ ಮಾಡುವ ಬಗೆ ನನಗೆ ಬಲು ಇಷ್ಟ. ಅದೇ ಜಿಲ್ಲೆಯ ಸ್ಟೋನ್ಸ್‌ಫೀಲ್ಡ್‌ನಲ್ಲಿ ನೆಲದಡಿಯಿಂದ ತೆಗೆದ ಕಲ್ಲನ್ನು ಒಣಗಲು ಬಿಡುತ್ತಿರಲಿಲ್ಲ. ಚಳಿಗಾಲದಲ್ಲಿ ಹೊರಗೆ ಹರಡಿ ನೀರು ಹಾಕುತ್ತಿದ್ದರು. ಒಳಗಿನ ನೀರು ಹೆಪ್ಪುಗಟ್ಟಿ ಉಬ್ಬಿದಾಗ ಕಲ್ಲು ಪದರ ಪದರವಾಗಿ ಬಿಡುತ್ತಿತ್ತು. ರಾತ್ರಿ ಹಿಮ ಕಟ್ಟುವ ಸೂಚನೆ ಕಂಡರೆ ಚರ್ಚಿನ ಗಂಟೆ ಬಾರಿಸಿ ಊರವರನ್ನು ಎಬ್ಬಿಸುತ್ತಿದ್ದರಂತೆ. ಆಮೇಲೆ ಒಂದೊಂದು ಬಿಲ್ಲೆಗೂ ತೂತು ಕೊರೆದು, ಮರದ ಗೂಟ ಸಿಕ್ಕಿಸಿ, ರೀಪಿಗೆ ನೇತುಹಾಕುವುದು.

1871ರಲ್ಲಿ ಇಂಗ್ಲಿಷ್ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಕೆಲ್ಮ್‌ಸ್ಕಾಟ್‌ನ ಈ ಮನೆಯನ್ನು ಬಾಡಿಗೆಗೆ ಹಿಡಿದರು. ಈ ಮಾಡನ್ನು ಮೀನಿನ ಹುರುಪೆಗೆ, ಹಕ್ಕಿಯ ಗರಿಗೆ ಹೋಲಿಸಿದವರು ಅವರೇ. ಹಳೇ ಕಟ್ಟಡಗಳನ್ನು ಕೆರೆದು ಹೊಸತು ಮಾಡುವ ಚಾಳಿಯ ವಿರುದ್ಧ 1877ರಲ್ಲಿ ಸಂಘ ಕಟ್ಟಿದವರೂ ಅವರೇ.

ದುರಸ್ತಿಯಲ್ಲಿ ಕೆಲಸ ಕೆಡುವುದೂ ಇಂಥ ಮಾಡಿನಲ್ಲೇ. ಬಿಲ್ಲೆ ಇಳಿಸುವಾಗ ಅಳತೆವಾರು ಬೇರೆ ಬೇರೆ ಜೋಡಿಸಿಡಬೇಕು. ಎಲ್ಲವನ್ನೂ ಒಂದೇ ರಾಶಿ ಹಾಕಿದರೆ ಮುಗಿಯಿತು. ಒಂದೇ ಅಳತೆಯ ಕಾಂಕ್ರೀಟ್ ಬಿಲ್ಲೆ ಹಾಕಿದರಂತೂ ಮನೆ ಟೋಪಿ ಇಟ್ಟುಕೊಂಡಂತೆ ಕಾಣುತ್ತದೆ.

ಮಾರಿಸ್ 1896ರಲ್ಲಿ ತೀರಿಕೊಂಡರು. ಅದೇ ಹಳ್ಳಿಯ ಚರ್ಚಿನ ಅಂಗಳದಲ್ಲಿ ಅವರ ಸಮಾಧಿಯಿದೆ. ಅದರ ಕಲ್ಲನ್ನು ರೂಪಿಸಿದ್ದು ಗೆಳೆಯ, ವಾಸ್ತುಶಿಲ್ಪಿ ಫಿಲಿಪ್ ವೆಬ್. ಎರಡೂ ಬದಿಗೆ ಇಳಿಜಾರಾದ, ಪುಟ್ಟ ಮಾಡಿನಂಥ ಕಲ್ಲು.