ಕಾಲು ಸೋತ ದಿನ ಯಾವ ಟೈಮಿಂಗ್‌ಗೆ ಓಡಬೇಕು?

ಪ್ರಶ್ನೆ: ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪೊಲೀಸ್ ಪರೀಕ್ಷೆಗೆ ತಯಾರಿ ನಡೆಸಿದ್ದೇನೆ. 1600 ಮೀಟರ್ ಓಟ 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು. ಸೋಮವಾರ ಆರಾಮಾಗಿ ಬರುವ ಟೈಮಿಂಗ್ ಶುಕ್ರವಾರ ಎಷ್ಟು ಒದ್ದಾಡಿದರೂ ಬರುವುದಿಲ್ಲ. ಹಲ್ಲು ಕಚ್ಚಿ ಅದೇ ವೇಗ ಹಿಡಿಯಬೇಕಾ?

ಉತ್ತರ: ಬೇಡ. ಆ ದಿನ ಟೈಮಿಂಗ್ ಬಿಟ್ಟುಕೊಡಿ, ಓಟದ ಚಂದ ಕೆಡಿಸಿಕೊಳ್ಳಬೇಡಿ.

400 ಮೀಟರ್ ಟ್ರ್ಯಾಕಿನಲ್ಲಿ ನಿಮ್ಮದು ನಾಲ್ಕು ಸುತ್ತು, ಸುತ್ತಿಗೆ 97.5 ಸೆಕೆಂಡ್. ಈ ವೇಗಕ್ಕೆ ಸೋಮವಾರ ತಗಲುವ ಖರ್ಚೇ ಬೇರೆ, ಶುಕ್ರವಾರದ್ದೇ ಬೇರೆ. ಅಷ್ಟೊತ್ತಿಗೆ ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜೆನ್, ಅಂದರೆ ಓಟಕ್ಕೆ ಇಂಧನವಾಗುವ ಸಕ್ಕರೆಯ ದಾಸ್ತಾನು, ಇಳಿದಿರುತ್ತದೆ. ದೂರ ಬಾಳಿಕೆ ಬರುವ ಸ್ನಾಯು ಎಳೆಗಳು ಸೋತಿರುತ್ತವೆ. ಆಗ ದೇಹ ಬಿರುಸಿನ ಎಳೆಗಳನ್ನು ಕೆಲಸಕ್ಕೆ ಕರೆಯುತ್ತದೆ. ಅವಕ್ಕೆ ಬಲ ಜಾಸ್ತಿ, ಆದರೆ ಖರ್ಚೂ ಜಾಸ್ತಿ, ಸುಸ್ತಾಗುವುದೂ ಬೇಗ. ಏದುಸಿರು ಬರುವುದು ಅದಕ್ಕೇ. ಮನಸ್ಸು ಗಟ್ಟಿಯಿಲ್ಲ ಅಂತ ಸುಮ್ನೆ ಬೈದುಕೊಳ್ಳಬೇಡಿ.

ಒಂದು ಮಳೆ ಬಿದ್ದ ಮರುದಿನ ಕೆಂಪು ಮಣ್ಣಿನ ಮೈದಾನದಲ್ಲಿ ಓಡಿ, ನಿಮ್ಮದೇ ಹೆಜ್ಜೆ ಗುರುತು ನೋಡಿ. (ಹುಬ್ಬಳ್ಳಿ ಕಡೆಯ ಎರೆಮಣ್ಣು ಬೇಡ, ಬೂಟೇ ಹೂತು ಹೋಗುತ್ತದೆ.) ಮೊದಲ ಸುತ್ತಿನ ಗುರುತು ಚೊಕ್ಕವಾಗಿರುತ್ತದೆ. ಕೊನೆಯ ಸುತ್ತಿನಲ್ಲಿ ಹಿಮ್ಮಡಿ ಮುಂದೆ ಚಾಚಿ ಊರಿ ಮಣ್ಣು ಕೆರೆದಿರುತ್ತದೆ. ಆ ಕೆರೆತವೇ ಬ್ರೇಕು. ಹೆಜ್ಜೆಗೊಮ್ಮೆ ಬ್ರೇಕ್ ಹಾಕಿ ಮತ್ತೆ ಎಕ್ಸಲರೇಟರ್ ತಿರುವಿದರೆ ಪೆಟ್ರೋಲ್ ಉಳಿಯುತ್ತಾ? ಸೋತಾಗ ನಾವೆಲ್ಲ ಹೆಜ್ಜೆ ಉದ್ದ ಮಾಡಿ ವೇಗ ಉಳಿಸಿಕೊಳ್ಳಲು ನೋಡುತ್ತೇವೆ. ಉಲ್ಟಾ ಮಾಡಿ. ಹೆಜ್ಜೆ ಚಿಕ್ಕದು, ಬೇಗ ಬೇಗ, ಹೆಗಲು ಸಡಿಲ.

ಶುಕ್ರವಾರ 400 ಮೀಟರಿನ ಆರು ಓಟ ಇದೆ ಅಂದುಕೊಳ್ಳಿ. ಮೊದಲನೆಯದನ್ನು 102 ಸೆಕೆಂಡಿನ ಸುಮಾರಿಗೆ ಮುಗಿಸಿ. ಎರಡನೆಯದು, ಮೂರನೆಯದು ಅಷ್ಟಕ್ಕೇ ಬಂದರೆ ಮುಂದುವರಿಸಿ. ನಾಲ್ಕನೆಯದು 108ಕ್ಕೆ ಜಾರಿತೋ, ಅಲ್ಲಿಗೇ ಬೂಟು ಬಿಚ್ಚಿ. ನಾನು ಒಮ್ಮೆ ಹಟಕ್ಕೆ ಬಿದ್ದು ಆರೂ ಮುಗಿಸಿದೆ. ಮೀನಖಂಡ ಹಿಡಿದುಕೊಂಡು ಎರಡು ವಾರ ಗೋಡೆ ಹಿಡಿದು ಮೆಟ್ಟಿಲು ಇಳಿದೆ. ಪರೀಕ್ಷೆಯ ದಿನವೂ ಅಷ್ಟೇ, ಮೊದಲ ಸುತ್ತನ್ನು 88ಕ್ಕೆ ಹಾರುವವರ ಬೆನ್ನು ಹತ್ತಬೇಡಿ. ಅಲ್ಲಿ ಗಳಿಸಿದ ಒಂಬತ್ತೂವರೆ ಸೆಕೆಂಡನ್ನು ಮೂರನೇ ಸುತ್ತು ಬಡ್ಡಿ ಸಮೇತ ವಸೂಲಿ ಮಾಡುತ್ತದೆ.

ವಾಚಿನಲ್ಲಿ ಎದೆಬಡಿತ ನೋಡಬಹುದಲ್ವಾ ಅಂತ ಕೇಳಬಹುದು. ಬಿಸಿಲಿದ್ದರೆ, ನೀರು ಕಡಿಮೆ ಕುಡಿದಿದ್ದರೆ ಅದು ಏರುತ್ತದೆ, ಸರಿ. ಆದರೆ ವಾರಗಟ್ಟಲೆ ದಣಿವು ಸೇರಿಕೊಂಡಾಗ ಜೀವ ಹೋಗುವಂತೆ ಓಡಿದರೂ ಏರದೇ ಇರಬಹುದು. ನಂಬರ್ ಚೆನ್ನಾಗಿದೆ ಅಂತ ಇನ್ನೂ ಜೋರು ಮಾಡಿದರೆ ಕೆಟ್ಟಿರಿ. ನಿಮ್ಮ ಉಸಿರು, ನಿಮ್ಮ ಹೆಜ್ಜೆಯ ಸಪ್ಪಳ ಅದಕ್ಕಿಂತ ಮೇಲು.

ಇನ್ನು ಊಟ. ಖಾಲಿಯಾದ ಗ್ಲೈಕೋಜೆನ್ ತುಂಬಲು ಚೆನ್ನಾಗಿ ಉಂಡರೂ ಒಂದು ದಿನ ಹಿಡಿಯುತ್ತದೆ. ಗುರುವಾರ ರಾತ್ರಿ ಎರಡರವರೆಗೆ ಓದಿ, ಊಟವನ್ನು ಮಂಡಕ್ಕಿ ಗಿರ್ಮಿಟ್‌ನಲ್ಲೇ ಮುಗಿಸಿದ್ದರೆ, ಶುಕ್ರವಾರದ ಓಟ ಶನಿವಾರಕ್ಕೆ ತಳ್ಳಿ.