ಪಬ್ಲಿಷ್ ಬಟನ್ ಕಾಣದ ಏಜೆಂಟ್‌ಗೆ ಬರೆಯುವ ನಾಲ್ಕು ಸಾಲು

ಯಾವುದಾದರೂ ಸುದ್ದಿ ತಾಣದಲ್ಲಿ ಒಂದೇ ವರದಿ ಎರಡು ಸಲ ಕಂಡರೆ, ಎರಡನೆಯದರ ವೆಬ್ ವಿಳಾಸದ ಬಾಲ ನೋಡಿ. ಕೊನೆಯಲ್ಲಿ "-2" ಅಂತ ಇದ್ದರೆ ಅದನ್ನು ಅಂಟಿಸಿದ್ದು ಬಹುಶಃ ವರ್ಡ್‌ಪ್ರೆಸ್, ಅಂದರೆ ತಾಣಕ್ಕೆ ಬರಹ ಹಾಕಲು ಬಳಸುವ ತಂತ್ರಾಂಶ. ಅದೇ ವಿಳಾಸದ ಬರಹ ಆಗಲೇ ಇದ್ದರೂ ಅದು ತಕರಾರು ತೆಗೆಯುವುದಿಲ್ಲ. ಸುಮ್ನೆ ಒಂದು ಅಂಕಿ ಸೇರಿಸಿ ಹೊಸದನ್ನೂ ಹಾಕಿಬಿಡುತ್ತದೆ.

ಮನುಷ್ಯರೂ ಹೀಗೆ ಎರಡು ಸಲ ಒತ್ತುತ್ತಾರೆ, ನಿಜ. ಆದರೆ ಬರಹ ಹಾಕುವ ಕೆಲಸ ಎಐ ಏಜೆಂಟ್, ಅಂದರೆ ನಮ್ಮ ಪರವಾಗಿ ತಾನೇ ಕೆಲಸ ಮಾಡುವ ಎಐ ಪ್ರೋಗ್ರಾಮ್, ಕೈಗೆ ಹೋದಾಗ ಇದು ಇನ್ನೂ ಸುಲಭ. ಏಜೆಂಟ್ "ಪ್ರಕಟಿಸು" ಅನ್ನುತ್ತದೆ. ನೆಟ್ ನಿಧಾನ, ಉತ್ತರ ಬರುವುದಿಲ್ಲ. ಬರಹ ಹೋಗಿಲ್ಲ ಅಂದುಕೊಂಡು ಮತ್ತೊಮ್ಮೆ "ಪ್ರಕಟಿಸು" ಅನ್ನುತ್ತದೆ. ಎರಡನೇ ಸಲ ಕರೆದರೆ ಏನಾಗುತ್ತದೆ ಅಂತ ಅದಕ್ಕೆ ಯಾರೂ ಹೇಳಿಲ್ಲದಿದ್ದರೆ, ತಪ್ಪು ಅದರದ್ದೇ ಅನ್ನಲು ನನಗಂತೂ ಮನಸ್ಸು ಬರುವುದಿಲ್ಲ.

ಒಳಗೆ ನಡೆಯುವುದು ಇಷ್ಟು. ಏಜೆಂಟ್‌ನ ಮಿದುಳಾಗಿರುವ ಭಾಷಾ ಮಾದರಿ ತಾನೇ ಹೋಗಿ ಯಾವ ತಾಣವನ್ನೂ ಮುಟ್ಟುವುದಿಲ್ಲ. ನಾವು ಅದಕ್ಕೆ ಟೂಲ್‌ಗಳ, ಅಂದರೆ ಅದು ಮಾಡಿಸಬಹುದಾದ ಕೆಲಸಗಳ, ಪಟ್ಟಿ ಕೊಡುತ್ತೇವೆ. ಪ್ರತಿ ಟೂಲ್‌ಗೂ ಒಂದು ಹೆಸರು, ಒಂದಿಷ್ಟು ವಿವರಣೆ, ತುಂಬಬೇಕಾದ ಖಾನೆಗಳು. ಯಾವ ಟೂಲ್ ಬೇಕು, ಖಾನೆಗಳಲ್ಲಿ ಏನಿರಬೇಕು ಅಂತ ಮಾದರಿ ಬರೆದು ಕೊಡುತ್ತದೆ. ಓಡಿಸುವುದು ಇನ್ನೊಂದು ಪ್ರೋಗ್ರಾಮ್. 2023ರ ಜೂನ್‌ನಲ್ಲಿ ಓಪನ್‌ಎಐ ಕಂಪನಿ ತನ್ನ ಎಪಿಐಯಲ್ಲಿ (ಬೇರೆ ಪ್ರೋಗ್ರಾಮ್‌ಗಳು ಒಂದು ಸೇವೆಯ ಜೊತೆ ಮಾತಾಡುವ ದಾರಿ) ಈ ಸೌಲಭ್ಯ ತಂದಿತು. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಕಂಪನಿ ಹೊರತಂದ ಎಂಸಿಪಿ, ಟೂಲ್‌ಗಳನ್ನು ಜೋಡಿಸಲು ಯಾರು ಬೇಕಾದರೂ ಬಳಸಬಹುದಾದ ಪದ್ಧತಿಯೊಂದನ್ನು ಕೊಟ್ಟಿತು. ಎರಡರಲ್ಲೂ ಟೂಲಿನ ಹಿಂದಿನ ಕೋಡ್ ಮಾದರಿಯ ಕಣ್ಣಿಗೆ ಬೀಳುವುದಿಲ್ಲ. ವಿವರಣೆಯಲ್ಲಿ ಇಲ್ಲದ್ದನ್ನು ಅದು ಊಹಿಸುತ್ತದೆ, ಅದೂ ಧೈರ್ಯವಾಗಿ.

"ಪೋಸ್ಟ್ ಪ್ರಕಟಿಸುತ್ತದೆ." ಇಷ್ಟೇ ವಿವರಣೆ ಇರುವ ಟೂಲ್‌ಗಳು ಬೇಕಾದಷ್ಟಿವೆ. ಬರೆದವರಿಗೆ ಇದು ಸಾಕು, ಉಳಿದದ್ದೆಲ್ಲ ಅವರ ತಲೆಯಲ್ಲಿದೆ ಅಲ್ವಾ. ಆದರೆ ವರ್ಡ್‌ಪ್ರೆಸ್ ಎಪಿಐಯಲ್ಲಿ ದಿನಾಂಕಕ್ಕೆ ಎರಡು ಖಾನೆಗಳಿವೆ. ಒಂದು ತಾಣದ ಸ್ಥಳೀಯ ಸಮಯ, ಇನ್ನೊಂದು ಗ್ರೀನಿಚ್ ಸಮಯ. ನವೆಂಬರ್ 1ರ ಬೆಳಿಗ್ಗೆ 6ಕ್ಕೆ ಹೋಗಬೇಕಿದ್ದ ರಾಜ್ಯೋತ್ಸವದ ಶುಭಾಶಯವನ್ನು ಏಜೆಂಟ್ ಎರಡನೇ ಖಾನೆಗೆ ಹಾಕಿದರೆ ಅದು ಕಾಣಿಸುವುದು 11.30ಕ್ಕೆ. ವಿಭಾಗದ ಖಾನೆಯೂ ಹಾಗೆಯೇ. ಅಲ್ಲಿ "ಕ್ರೀಡೆ" ಅಂತ ಬರೆದರೆ ನಡೆಯುವುದಿಲ್ಲ, ಆ ವಿಭಾಗದ ಸಂಖ್ಯೆ ಕೊಡಬೇಕು.

ಕನ್ನಡ ತಾಣಗಳಿಗೆ ಇನ್ನೊಂದು ತಲೆನೋವಿದೆ. ವೆಬ್ ವಿಳಾಸದಲ್ಲಿ ಬರಹದ ಗುರುತಾಗಿ ನಿಲ್ಲುವ ಭಾಗಕ್ಕೆ ಸ್ಲಗ್ ಅನ್ನುತ್ತಾರೆ. ವರ್ಡ್‌ಪ್ರೆಸ್‌ನಲ್ಲಿ ಅದಕ್ಕೆ 200 ಅಕ್ಷರಗಳ ಮಿತಿ. ಕನ್ನಡದ ಒಂದೊಂದು ಚಿಹ್ನೆಯೂ, ಕೊಂಬು, ಗುಡಿಸು, ಒತ್ತಿಗೆ ಬೇಕಾದ ವಿರಾಮ ಸಮೇತ, ಅಲ್ಲಿ ಒಂಬತ್ತು ಅಕ್ಷರಗಳಾಗಿ ಹಿಗ್ಗುತ್ತದೆ. "ಬೆಂಗಳೂರಿನಲ್ಲಿ ಭಾರಿ ಮಳೆ" ಅನ್ನುವಷ್ಟರಲ್ಲಿ 182 ಮುಗಿದಿರುತ್ತದೆ. ಮುಂದಿನ ಪದದ ಮೊದಲ ಅಕ್ಷರ ಹಿಡಿಸಿದರೆ ಅದೇ ಹೆಚ್ಚು, ಉಳಿದದ್ದು ಕತ್ತರಿ. ಇದನ್ನು ಯಾವ ಮಾದರಿ ತಾನಾಗಿ ಊಹಿಸೀತು?

ಹಾಗಾಗಿ ಇಂಥ ಟೂಲಿನ ವಿವರಣೆಯನ್ನು ನಾನು ಬರೆಯುವುದಾದರೆ ಹೀಗೆ ಬರೆದೇನು: "ಹೊಸ ಬರಹವನ್ನು ಡ್ರಾಫ್ಟ್ ಆಗಿ ಉಳಿಸುತ್ತದೆ, ಓದುಗರಿಗೆ ಕಾಣುವುದಿಲ್ಲ. ಈಗಾಗಲೇ ಇರುವ ಬರಹ ತಿದ್ದಲು ಇದನ್ನು ಬಳಸಬೇಡಿ, ಅದಕ್ಕೆ 'ಬರಹ ತಿದ್ದು' ಇದೆ. ಪ್ರತಿ ಸಲ ಕರೆದಾಗಲೂ ಹೊಸ ಪ್ರತಿ ಹುಟ್ಟುತ್ತದೆ. ಉತ್ತರ ಬಾರದಿದ್ದರೆ ಮೊದಲು 'ಬರಹ ಹುಡುಕು' ಓಡಿಸಿ ನೋಡಿ. ಸಮಯ ಭಾರತೀಯ ಕಾಲಮಾನದಲ್ಲಿರಲಿ. ಸ್ಲಗ್ ಇಂಗ್ಲಿಷ್ ಅಕ್ಷರಗಳಲ್ಲಿ, ಐದಾರು ಪದ."

ಇದರಲ್ಲಿ ಜಾಸ್ತಿ ಕೆಲಸ ಮಾಡುವುದು "ಬಳಸಬೇಡಿ" ಅನ್ನುವ ಸಾಲು. ಹತ್ತಿಪ್ಪತ್ತು ಟೂಲ್‌ಗಳ ಪಟ್ಟಿಯಲ್ಲಿ "ಬರಹ ಉಳಿಸು", "ಬರಹ ತಿದ್ದು", "ಬರಹ ಹಾಕು" ಅಕ್ಕಪಕ್ಕ ನಿಂತಾಗ ಏಜೆಂಟ್ ಎಡವುವುದು ಅಲ್ಲೇ. ಹಾಗಂತ ಪುಟಗಟ್ಟಲೆ ಬರೆಯಲೂ ಆಗದು. ಈ ವಿವರಣೆಗಳೆಲ್ಲ ಪ್ರತಿ ಸಲವೂ ಮಾದರಿ ಓದುವ ಪಠ್ಯದ ಜೊತೆಗೇ ಹೋಗುತ್ತವೆ, ಅದಕ್ಕೆ ದುಡ್ಡೂ ಬೀಳುತ್ತದೆ. ಖಾನೆಯಲ್ಲೇ ಕಟ್ಟಿಹಾಕಬಹುದಾದ್ದನ್ನು ಮಾತಲ್ಲಿ ಬೇಡಿಕೊಳ್ಳಬಾರದು. ಸ್ಥಿತಿಯ ಖಾನೆಗೆ "ಡ್ರಾಫ್ಟ್" ಮತ್ತು "ಪರಿಶೀಲನೆಗೆ" ಎರಡೇ ಆಯ್ಕೆ ಇಟ್ಟರೆ ಅರ್ಧ ಪ್ಯಾರಾ ಉಳಿಯಿತು.

ಅಳಿಸುವ ಟೂಲ್ ಬಗ್ಗೆಯೂ ಹೇಳಬೇಕು. ವರ್ಡ್‌ಪ್ರೆಸ್‌ನಲ್ಲಿ ಅಳಿಸಿದ ಬರಹ ಮೊದಲು ಕಸದ ಬುಟ್ಟಿಗೆ ಹೋಗುತ್ತದೆ, ಸಾಮಾನ್ಯವಾಗಿ 30 ದಿನ ಅಲ್ಲಿರುತ್ತದೆ. ಆದರೆ "ಫೋರ್ಸ್" ಅನ್ನುವ ಖಾನೆ ತುಂಬಿದರೆ ನೇರ ನಾಶ. ಪ್ರಕಟಿಸುವುದೂ ಒಂದು ರೀತಿ ಹಾಗೆಯೇ. ಬರಹವನ್ನು ತಾಣದಿಂದ ತೆಗೆದರೂ ಚಂದಾದಾರರ ಇಮೇಲ್‌ಗೆ ಹೋದ ಪ್ರತಿ ವಾಪಸ್ ಬರುವುದಿಲ್ಲ. ಇಂಥ ಪರಿಣಾಮ ವಿವರಣೆಯ ಮೊದಲ ಸಾಲಲ್ಲೇ ಇರಬೇಕು.

ಎಷ್ಟು ಚೆನ್ನಾಗಿ ಬರೆದರೂ ವಿವರಣೆ ಬೀಗವಲ್ಲ. ಟೂಲ್ ಅಪಾಯಕಾರಿಯೋ ಅಲ್ಲವೋ ಅಂತ ಗುರುತು ಹಾಕಲು ಎಂಸಿಪಿಯಲ್ಲಿ ಅವಕಾಶವಿದೆ, ಆದರೆ ಅದು ಬರೀ ಸೂಚನೆ. ನಿಜವಾದ ಬೀಗ ಖಾತೆಯ ಅನುಮತಿ. ವರ್ಡ್‌ಪ್ರೆಸ್‌ನ "ಕಾಂಟ್ರಿಬ್ಯೂಟರ್" ಖಾತೆ ಬರೆಯಬಹುದು, ಪ್ರಕಟಿಸುವಂತಿಲ್ಲ. ಏಜೆಂಟ್‌ಗೆ ಅದನ್ನೇ ಕೊಡಿ. ಆದರೆ ಆ ಖಾತೆಗೆ ಚಿತ್ರ ಏರಿಸುವ ಅನುಮತಿಯೂ ಇಲ್ಲ. ಏಜೆಂಟ್ ಪ್ರಯತ್ನಿಸಿದಾಗ ಬರೀ "403" ಅಂತ ದೋಷದ ಸಂಖ್ಯೆ ಉತ್ತರವಾಗಿ ಬಂದರೆ ಅದು ಮತ್ತೆ ಮತ್ತೆ ಗುದ್ದಬಹುದು. ಅದರ ಬದಲು ಟೂಲ್ ಹೀಗೆ ಹೇಳಲಿ: "ಈ ಖಾತೆಗೆ ಚಿತ್ರ ಏರಿಸಲು ಅನುಮತಿ ಇಲ್ಲ. ಚಿತ್ರವಿಲ್ಲದೆ ಡ್ರಾಫ್ಟ್ ಉಳಿಸಿ, ಸಂಪಾದಕರಿಗೆ ತಿಳಿಸಿ."