ಗ್ರೇಟ್‌ಫುಲ್ ಡೆಡ್ ತನ್ನ ಶೋಗಳನ್ನು ಟೇಪ್ ಮಾಡಿಕೊಳ್ಳಲು ಯಾಕೆ ಬಿಟ್ಟಿತು?

ಓದುಗರ ಪ್ರಶ್ನೆ: ಗ್ರೇಟ್‌ಫುಲ್ ಡೆಡ್ ಅನ್ನೋ ಅಮೆರಿಕದ ರಾಕ್ ಬ್ಯಾಂಡ್ ತನ್ನ ಶೋಗಳನ್ನು ರೆಕಾರ್ಡ್ ಮಾಡಿಕೊಂಡು ಹಂಚಲು ಅಭಿಮಾನಿಗಳಿಗೇ ಒಪ್ಪಿಗೆ ಕೊಟ್ಟಿತ್ತಂತೆ. ಬೇರೆ ಬ್ಯಾಂಡ್‌ಗಳು ಟೇಪ್ ರೆಕಾರ್ಡರ್ ಕಂಡರೆ ಹೊರಗೆ ಕಳಿಸುತ್ತಿದ್ದ ಕಾಲದಲ್ಲಿ ಇವರು ಯಾಕೆ ಬಿಟ್ಟರು? ಅವರಿಗೆ ನಷ್ಟ ಆಗಲಿಲ್ವಾ?

ನಷ್ಟ ಆಗಲಿಲ್ಲ. ಹಾಗಂತ ಲಾಭದ ಲೆಕ್ಕ ಹಾಕಿ ಬಿಟ್ಟದ್ದೂ ಅಲ್ಲ. ವ್ಯಾಪಾರದ ಪಾಠ ಹೇಳುವವರು ಇದನ್ನು ಜಾಣ ಮಾರ್ಕೆಟಿಂಗ್ ಅಂತ ಹೊಗಳುವುದುಂಟು. ಅದು ಕಥೆಯನ್ನು ಬಾಲದ ಕಡೆಯಿಂದ ಓದಿದ ಹಾಗೆ ಅಂತ ನನಗನಿಸುತ್ತದೆ. ಈ ಬ್ಯಾಂಡ್‌ನವರ ಪಾಲಿಗೆ ಹಾಡು ಒಮ್ಮೆ ಮುಗಿಸಿ ಕೈತೊಳೆದುಕೊಳ್ಳುವ ವಸ್ತುವೇ ಆಗಿರಲಿಲ್ಲ. ಪ್ರತಿ ರಾತ್ರಿ ಅದನ್ನು ಮತ್ತೆ ಕಟ್ಟಬೇಕಿತ್ತು. ಈ ಅಭ್ಯಾಸ ಎಲ್ಲಿಂದ ಬಂತು ಅಂತ ನೋಡಿದರೆ ಟೇಪಿನ ವಿಷಯ ತಾನಾಗಿ ಬಿಡಿಸಿಕೊಳ್ಳುತ್ತದೆ.

ಬ್ಯಾಂಡ್ ಹುಟ್ಟಿದ್ದು 1965ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಪಾಲೋ ಆಲ್ಟೋದಲ್ಲಿ. ಜೆರ್ರಿ ಗಾರ್ಸಿಯಾಗೆ ಆಗ ಬ್ಯಾಂಜೋ ಹುಚ್ಚು. ಬಾಬ್ ವಿಯರ್ ಇನ್ನೂ ಹದಿಹರೆಯದ ಹುಡುಗ. ಎಲ್ಲರೂ ಪಿಗ್‌ಪೆನ್ ಅಂತ ಕರೆಯುತ್ತಿದ್ದ ರಾನ್ ಮೆಕರ್ನನ್ ಬ್ಲೂಸ್ ಹಾಡುತ್ತಿದ್ದರು. ಡ್ರಮ್ಸ್ ಹಿಂದೆ ಬಿಲ್ ಕ್ರೊಯ್ಟ್ಸ್‌ಮನ್. ಫಿಲ್ ಲೆಶ್ ಆಧುನಿಕ ಪಾಶ್ಚಾತ್ಯ ಸಂಗೀತ ರಚನೆ ಕಲಿತವರು, ಬೇಸ್ ಗಿಟಾರ್ ಹಿಡಿದದ್ದು ಬ್ಯಾಂಡ್ ಸೇರಿದ ಮೇಲೆಯೇ. ಅವರ ಮೊದಲ ಹೆಸರು ವಾರ್ಲಾಕ್ಸ್. ಮೊದಲು ನುಡಿಸಿದ್ದು ಮೆನ್ಲೋ ಪಾರ್ಕ್‌ನ ಒಂದು ಪಿಜ್ಜಾ ಅಂಗಡಿಯಲ್ಲಿ. ಅದೇ ಹೆಸರಿನ ಇನ್ನೊಂದು ಬ್ಯಾಂಡ್ ಇದೆ ಅಂತ ಗೊತ್ತಾದ ಮೇಲೆ ಹೊಸ ಹೆಸರು ಬೇಕಾಯಿತು. ಲೆಶ್ ಮನೆಯಲ್ಲಿ ಗಾರ್ಸಿಯಾ ನಿಘಂಟು ತೆರೆದಾಗ ಕಣ್ಣಿಗೆ ಬಿದ್ದದ್ದು ಒಂದು ಜನಪದ ಕಥೆಯ ಹೆಸರು. ಸಾಲ ತೀರಿಸದೆ ಸತ್ತವನ ಹೆಣ ಮಣ್ಣಾಗದೆ ಬಿದ್ದಿರುತ್ತದೆ. ದಾರಿಹೋಕನೊಬ್ಬ ಕೈಯಿಂದ ದುಡ್ಡು ಕೊಟ್ಟು ಮಣ್ಣು ಮಾಡಿಸುತ್ತಾನೆ. ಮುಂದೆ ಅವನಿಗೆ ಕಷ್ಟ ಬಂದಾಗ ಆ ಸತ್ತವನೇ ಬಂದು ಋಣ ತೀರಿಸುತ್ತಾನೆ.

1965ರ ಕೊನೆಯಲ್ಲಿ ಕಾದಂಬರಿಕಾರ ಕೆನ್ ಕೀಸಿ ಮತ್ತು ಗೆಳೆಯರು 'ಆಸಿಡ್ ಟೆಸ್ಟ್' ಅನ್ನೋ ಕೂಟಗಳನ್ನು ನಡೆಸತೊಡಗಿದರು. 'ಆಸಿಡ್' ಅಂದರೆ ಎಲ್‌ಎಸ್‌ಡಿ ಅನ್ನೋ ಮಾದಕ ವಸ್ತು. ಅದು ಆಗಿನ್ನೂ ಕಾನೂನುಬಾಹಿರ ಆಗಿರಲಿಲ್ಲ. ಕ್ಯಾಲಿಫೋರ್ನಿಯಾ ಅದನ್ನು ನಿಷೇಧಿಸಿದ್ದು 1966ರ ಅಕ್ಟೋಬರ್‌ನಲ್ಲಿ. ಈ ಕೂಟಗಳಿಗೆ ಡೆಡ್ ಮನೆಯ ಬ್ಯಾಂಡ್ ಇದ್ದ ಹಾಗೆ. ಅಲ್ಲಿ ಇಂತಿಷ್ಟು ಹೊತ್ತು ನುಡಿಸಬೇಕು ಅನ್ನೋ ನಿಯಮ ಇಲ್ಲ. ಹತ್ತು ನಿಮಿಷಕ್ಕೆ ನಿಲ್ಲಿಸಿದರೂ ಸರಿ, ಬೆಳಗಿನವರೆಗೆ ನುಡಿಸಿದರೂ ಸರಿ. ಬಂದವರು ಸುಮ್ನೆ ಕೂತು ನೋಡುವವರೂ ಅಲ್ಲ, ಅವರೂ ಆಟದ ಭಾಗ. ಜನ ಆ ಕಾಲದ ಮಾದಕ ವಸ್ತುವಿನ ಕಥೆಯನ್ನೇ ಜಾಸ್ತಿ ಹೇಳುತ್ತಾರೆ. ಸಂಗೀತದ ಮಟ್ಟಿಗೆ ನೋಡಿದರೆ ಅಲ್ಲಿಂದ ಬಂದ ದೊಡ್ಡ ಸಂಗತಿ ಇನ್ನೊಂದು: ಎಡವಿದರೂ ಪರವಾಗಿಲ್ಲ ಅನ್ನೋ ಧೈರ್ಯ, ಮತ್ತು ಕೇಳುವವರನ್ನು ಗಿರಾಕಿ ಅಂತ ನೋಡದೇ ಇರುವ ಗುಣ.

ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಹೇಟ್-ಆಶ್‌ಬರಿ ಬಡಾವಣೆಯ 710, ಆಶ್‌ಬರಿ ಬೀದಿಯ ಮನೆಗೆ ಬಂದರು. ಹತ್ತಿರದ ಪಾರ್ಕ್‌ನಲ್ಲಿ ಪುಕ್ಕಟೆ ನುಡಿಸಿದರು. ವಾರ್ನರ್ ಬ್ರದರ್ಸ್ ಜೊತೆ ಒಪ್ಪಂದವಾಗಿ ಮೊದಲ ಆಲ್ಬಂ 1967ರಲ್ಲಿ ಹೊರಬಂತು. ಆದರೆ ಸ್ಟುಡಿಯೋ ಅವರ ಕೈಗೆ ಹತ್ತಲಿಲ್ಲ. 'ಡಾರ್ಕ್ ಸ್ಟಾರ್' ಹಾಡನ್ನೇ ತಗೊಳ್ಳಿ. 1968ರಲ್ಲಿ ಸಿಂಗಲ್ ಆಗಿ ಬಂದಾಗ ಅದರ ಉದ್ದ ಮೂರು ನಿಮಿಷಕ್ಕೂ ಕಡಿಮೆ. ಯಾರೂ ಅಷ್ಟಾಗಿ ಗಮನಿಸಲಿಲ್ಲ. 1969ರ ಫೆಬ್ರವರಿಯಲ್ಲಿ ಫಿಲ್‌ಮೋರ್ ವೆಸ್ಟ್ ಸಭಾಂಗಣದಲ್ಲಿ ನುಡಿಸಿದಾಗ ಅದೇ ಹಾಡು 23 ನಿಮಿಷ ಹರಿಯಿತು. 'ಲೈವ್/ಡೆಡ್' ಆಲ್ಬಂನಲ್ಲಿ ಅದನ್ನು ಕೇಳಿ. ಪಲ್ಲವಿ ಹಾಡಲು ಯಾರಿಗೂ ಅವಸರವಿಲ್ಲ. ಗಾರ್ಸಿಯಾ ಗಿಟಾರ್‌ನಲ್ಲಿ ಒಂದು ಎಳೆ ಬಿಡುತ್ತಾರೆ, ಲೆಶ್ ಅದನ್ನು ಬೇಸ್‌ನಲ್ಲಿ ಬೇರೆ ದಿಕ್ಕಿಗೆ ಎಳೆಯುತ್ತಾರೆ, ವಿಯರ್ ನಡುವೆ ಸಣ್ಣ ಸಣ್ಣ ಸ್ವರಗುಚ್ಛ ತುಂಬುತ್ತಾರೆ. ಮುಂದಾಳು ಯಾರು, ಹಿಮ್ಮೇಳ ಯಾರು ಅಂತ ಹೇಳುವುದೇ ಕಷ್ಟ. ಮರುದಿನ ಇದೇ ಹಾಡು ಹೀಗೆ ಇರುತ್ತಿರಲಿಲ್ಲ. ಹಾಗಿದ್ದಾಗ ಆ ರಾತ್ರಿ ಅಲ್ಲಿದ್ದವನಿಗೆ ಅದನ್ನು ಹಿಡಿದಿಟ್ಟುಕೊಳ್ಳಬೇಕು ಅನಿಸುವುದು ಸಹಜ, ಅಲ್ವಾ?

ನಮ್ಮ ಕಡೆಯ ಕೇಳುಗರಿಗೆ ಇಲ್ಲಿ ಹಿಡಿಯಲು ಒಂದು ಕೊಕ್ಕೆ ಇದೆ. 1967ರಲ್ಲಿ ಎರಡನೇ ಡ್ರಮ್ಮರ್ ಆಗಿ ಸೇರಿದ ಮಿಕ್ಕಿ ಹಾರ್ಟ್ ತಬಲಾದ ಉಸ್ತಾದ್ ಅಲ್ಲಾ ರಖಾ ಅವರಿಂದ ಲಯದ ಪಾಠ ಕಲಿತವರು. 'ದಿ ಇಲೆವೆನ್' ಹಾಡು 11 ಎಣಿಕೆಯ ಆವರ್ತದಲ್ಲಿ ನಡೆಯುತ್ತದೆ. ಕೈಯಲ್ಲಿ ತಾಳ ಹಾಕಿ ನೋಡಿ, ಸುಖ ಗೊತ್ತಾಗುತ್ತದೆ. ಮುಂದಿನ ವರ್ಷಗಳಲ್ಲಿ ಶೋಗಳ ಎರಡನೇ ಭಾಗದಲ್ಲಿ ಉಳಿದವರೆಲ್ಲ ಬದಿಗೆ ಸರಿದು ಇಬ್ಬರು ಡ್ರಮ್ಮರ್‌ಗಳಿಗೇ ವೇದಿಕೆ ಬಿಟ್ಟುಕೊಡುವ ಪದ್ಧತಿ ಬಂತು. ತನಿ ಆವರ್ತನ ಕೇಳಿ ಬೆಳೆದವರಿಗೆ ಅದೇನೂ ಹೊಸದಲ್ಲ. ಹಾರ್ಟ್ ಮುಂದೆ ಜಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಮ್ ಮೊದಲಾದವರ ಜೊತೆ ಮಾಡಿದ 'ಪ್ಲ್ಯಾನೆಟ್ ಡ್ರಮ್' ಆಲ್ಬಂಗೆ ಗ್ರ್ಯಾಮಿ ಬಂತು.

ಈಗ ಟೇಪಿನ ಮಾತು. ಮೊದಲು ಟೇಪ್ ಮಾಡಿದ್ದು ಬ್ಯಾಂಡ್‌ನವರೇ. ಅವರ ಸೌಂಡ್ ಎಂಜಿನಿಯರ್ ಔಸ್ಲಿ ಸ್ಟ್ಯಾನ್ಲಿ ಬಹಳ ವಿಚಿತ್ರ, ಬಹಳ ಬುದ್ಧಿವಂತ ಮನುಷ್ಯ. ಎಲ್‌ಎಸ್‌ಡಿ ತಯಾರಿಸಿ ಜೈಲಿಗೂ ಹೋದವರು. ಗೆಳೆಯರು 'ಬೇರ್' ಅಂತ ಕರೆಯುತ್ತಿದ್ದರು. ಶೋ ಹೇಗೆ ಕೇಳಿಸಿತು ಅಂತ ತಿಳಿಯಲು ಅವರು ಸೌಂಡ್‌ಬೋರ್ಡ್‌ನಿಂದ, ಅಂದರೆ ಎಲ್ಲ ಮೈಕ್, ವಾದ್ಯಗಳ ಸದ್ದು ಬಂದು ಸೇರುವ ಯಂತ್ರದಿಂದ, ನೇರ ಟೇಪ್ ಮಾಡಿಡುತ್ತಿದ್ದರು. ತಪ್ಪು ಎಲ್ಲಿ, ಚೆಂದ ಎಲ್ಲಿ ಅಂತ ಗುರುತಿಸಲು ಅದು ದಿನಚರಿ ಇದ್ದ ಹಾಗೆ.

ಕೇಳುವವರು ಕದ್ದು ಟೇಪ್ ಮಾಡುವುದು 60ರ ದಶಕದ ಕೊನೆಯಲ್ಲೇ ಶುರುವಾಗಿತ್ತು. ಆರಂಭದಲ್ಲಿ ಸಿಬ್ಬಂದಿ ತಡೆದದ್ದೂ ಉಂಟು. ಆದರೆ ಗಾರ್ಸಿಯಾಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಯಾಕೆ ಅನ್ನುವುದಕ್ಕೆ ಒಂದು ಹಳೆಯ ಕಾರಣ ಇದೆ, ನನಗೆ ಬಹಳ ಇಷ್ಟವಾದದ್ದು. 1964ರಲ್ಲಿ, ಇನ್ನೂ ಬ್ಯಾಂಡ್ ಇಲ್ಲದಾಗ, ಅವರು ಗೆಳೆಯನೊಬ್ಬನ ಜೊತೆ ಕಾರಿನಲ್ಲಿ ಟೇಪ್ ರೆಕಾರ್ಡರ್ ಹಾಕಿಕೊಂಡು ದೇಶದ ಆ ತುದಿಗೆ ಹೋಗಿದ್ದರು. ಬ್ಲೂಗ್ರಾಸ್ ಅನ್ನೋ ಅಮೆರಿಕದ ಹಳ್ಳಿಗಾಡಿನ ಶೈಲಿಯ ಸಂಗೀತಗಾರರ ಶೋಗಳನ್ನು ಕೇಳುವುದು, ಟೇಪ್ ಮಾಡಿಕೊಳ್ಳುವುದು, ಅದರಿಂದ ಬ್ಯಾಂಜೋ ಕಲಿಯುವುದು ಉದ್ದೇಶ. ಟೇಪ್ ಹಿಡಿದು ನಿಂತ ಹುಡುಗರಲ್ಲಿ ಅವರಿಗೆ ಕಳ್ಳರು ಕಾಣಲಿಲ್ಲ. ನಾವು ನುಡಿಸಿ ಮುಗಿಸಿದ ಮೇಲೆ ಅದು ಅವರದು ಅನ್ನೋ ಅರ್ಥದ ಮಾತನ್ನು ಅವರು ಹೇಳಿದ್ದರು.

1971ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಟೇಪ್ ವಿನಿಮಯದ ಒಂದು ಬಳಗವೇ ಹುಟ್ಟಿತು. ಅದರಿಂದ 1974ರಲ್ಲಿ 'ಡೆಡ್ ರೆಲಿಕ್ಸ್' ಪತ್ರಿಕೆ ಬಂತು. ವಿನಿಮಯಕ್ಕೆ ಒಂದೇ ಕಟ್ಟುಪಾಡು: ಮಾರಬಾರದು. ನಿಮ್ಮ ಹತ್ತಿರ ಒಂದು ಶೋ ಇದ್ದರೆ ಇನ್ನೊಬ್ಬರ ಹತ್ತಿರ ಇರುವುದಕ್ಕೆ ಬದಲಾಯಿಸಿಕೊಳ್ಳಬೇಕು. ಏನೂ ಇಲ್ಲದ ಹೊಸಬರಿಗೂ ದಾರಿ ಇತ್ತು. ಖಾಲಿ ಕ್ಯಾಸೆಟ್‌ಗಳನ್ನು, ವಾಪಸ್ ಕಳಿಸಲು ಬೇಕಾದ ಅಂಚೆ ಚೀಟಿಯನ್ನು ಕವರಿನಲ್ಲಿಟ್ಟು ಕಳಿಸಿದರೆ ಯಾರೋ ಪುಣ್ಯಾತ್ಮರು ತುಂಬಿಸಿ ಕಳಿಸುತ್ತಿದ್ದರು. ಜಾಸ್ತಿ ಬಳಕೆಯಲ್ಲಿದ್ದದ್ದು ಮ್ಯಾಕ್ಸೆಲ್ ಕಂಪನಿಯ 90 ನಿಮಿಷದ ಕ್ಯಾಸೆಟ್. ಒಂದು ಬದಿಗೆ 45 ನಿಮಿಷ. ಡಬ್ಬಿಯೊಳಗಿನ ಕಾಗದದಲ್ಲಿ ತಾರೀಖು, ಊರು, ಹಾಡುಗಳ ಕ್ರಮವನ್ನು ಪುಟ್ಟ ಅಕ್ಷರದಲ್ಲಿ ಬರೆಯಬೇಕು. ಒಂದು ಹಾಡು ನಿಲ್ಲದೆ ಇನ್ನೊಂದಕ್ಕೆ ಹರಿದಿದ್ದರೆ ನಡುವೆ ಬಾಣದ ಗುರುತು. ಎಷ್ಟನೇ ಪ್ರತಿ ಅನ್ನುವುದೂ ಮುಖ್ಯ, ಯಾಕೆಂದರೆ ಪ್ರತಿಯಿಂದ ಪ್ರತಿ ಮಾಡಿದಷ್ಟೂ ಹಿಸ್ ಸದ್ದು ಏರುತ್ತದೆ.

ಅಧಿಕೃತ ಒಪ್ಪಿಗೆ ಬಂದದ್ದು ಬಹಳ ತಡವಾಗಿ, ಅದೂ ಒಂದು ಜಾಗದ ತಕರಾರಿನಿಂದ. 80ರ ದಶಕದ ಹೊತ್ತಿಗೆ ಸಭಾಂಗಣದ ನಡುವೆ ಮೈಕ್ ಸ್ಟ್ಯಾಂಡ್‌ಗಳ ಕಾಡೇ ಎದ್ದಿತ್ತು. ಹಿಂದಿನವರಿಗೆ ವೇದಿಕೆ ಕಾಣಿಸುತ್ತಿರಲಿಲ್ಲ, ಸೌಂಡ್ ಎಂಜಿನಿಯರ್‌ಗೂ ಅಡ್ಡಿ. 1984ರ ಅಕ್ಟೋಬರ್‌ನಲ್ಲಿ ಬರ್ಕ್ಲಿಯ ಶೋಗಳಿಂದ ಟೇಪರ್‌ಗಳಿಗೆ ಸೌಂಡ್‌ಬೋರ್ಡ್‌ನ ಹಿಂದೆ ಪ್ರತ್ಯೇಕ ಜಾಗ, ಪ್ರತ್ಯೇಕ ಟಿಕೆಟ್ ಮಾಡಿದರು.

ಹಾಗಾದರೆ ದುಡ್ಡು? ಪ್ರತಿ ರಾತ್ರಿ ಹಾಡುಗಳ ಪಟ್ಟಿ ಬದಲಾಗುತ್ತಿತ್ತು. ಹೀಗಾಗಿ ಟೇಪ್ ಕೇಳಿದವರಿಗೆ 'ಇನ್ನು ಹೋಗೋದು ಬೇಡ' ಅನಿಸುತ್ತಿರಲಿಲ್ಲ, ನಾಳೆ ಏನು ನುಡಿಸುತ್ತಾರೋ ಅನ್ನೋ ಕುತೂಹಲ ಏಳುತ್ತಿತ್ತು. ಡೆಡ್‌ಹೆಡ್‌ಗಳು, ಅಂದರೆ ಈ ಬ್ಯಾಂಡ್‌ನ ಕಟ್ಟಾ ಅಭಿಮಾನಿಗಳು, ಊರಿಂದೂರಿಗೆ ಬ್ಯಾಂಡ್ ಹಿಂದೆ ಹೊರಟದ್ದು ಇದಕ್ಕೇ. 1995ರವರೆಗೆ ಬ್ಯಾಂಡ್ ಕೊಟ್ಟ ಶೋಗಳು 2,300ಕ್ಕೂ ಹೆಚ್ಚು. ಅಮೆರಿಕದ ಮೊದಲ ಹತ್ತರೊಳಗೆ ಬಂದ ಹಾಡು ಮಾತ್ರ ಒಂದೇ, 1987ರ 'ಟಚ್ ಆಫ್ ಗ್ರೇ'. ಟೇಪ್ ಹಂಚಿಕೆ ದಶಕಗಳ ಕಾಲ ನಡೆದ ಮೇಲೂ ಅವರ ಟಿಕೆಟ್‌ಗಳಿಗೆ ಬೇಡಿಕೆ ಏರುತ್ತಲೇ ಹೋಯಿತು.

ಅವರು ನಿಜವಾಗಿ ಕಳೆದುಕೊಂಡದ್ದು ಬೇರೆ ಕಡೆ. 1970ರಲ್ಲಿ ಅವರ ಮ್ಯಾನೇಜರ್, ಮಿಕ್ಕಿ ಹಾರ್ಟ್ ಅವರ ಸ್ವಂತ ತಂದೆ, ಬ್ಯಾಂಡ್‌ನ ದೊಡ್ಡ ಮೊತ್ತ ಲಪಟಾಯಿಸಿ ಓಡಿಹೋದರು. ಮಗ ಅವಮಾನದಿಂದ ಕೆಲವು ವರ್ಷ ಬ್ಯಾಂಡ್ ಬಿಟ್ಟಿದ್ದರು. 1974ರಲ್ಲಿ ಬೇರ್ ಮತ್ತು ಸಂಗಡಿಗರು 'ವಾಲ್ ಆಫ್ ಸೌಂಡ್' ಕಟ್ಟಿದರು: ಸುಮಾರು 600 ಸ್ಪೀಕರ್‌ಗಳ ಗೋಡೆ, ಸುಮಾರು 75 ಟನ್ ತೂಕ, ಸಂಗೀತಗಾರರ ಬೆನ್ನ ಹಿಂದೆಯೇ. ಜನ ಕೇಳಿದ್ದನ್ನೇ ನುಡಿಸುವವರೂ ಕೇಳಬೇಕು ಅನ್ನೋದು ಆಸೆ. ಹಿಂದಿನ ಸ್ಪೀಕರ್ ಸದ್ದು ಮೈಕ್‌ಗೆ ನುಗ್ಗಿ ಕೂಗಬಾರದಲ್ಲ? ಅದಕ್ಕೆ ಪ್ರತಿ ಹಾಡುಗಾರರಿಗೆ ಎರಡು ಮೈಕ್ ಕೊಟ್ಟು, ಒಂದರ ಸಂಕೇತವನ್ನು ತಿರುಗಿಸಿ ಜೋಡಿಸಿದರು. ಎರಡಕ್ಕೂ ಸಮನಾಗಿ ಬಿದ್ದ ಸದ್ದು ಒಂದನ್ನೊಂದು ಅಳಿಸಿಹಾಕುತ್ತಿತ್ತು. ಹಾಡುಗಾರರು ಒಂದೇ ಮೈಕ್‌ಗೆ ಬಾಯಿ ಹಚ್ಚಿ ಹಾಡುತ್ತಿದ್ದರಿಂದ ದನಿ ಮಾತ್ರ ಉಳಿಯುತ್ತಿತ್ತು. ಅದ್ಭುತ ಕೆಲಸ, ಆದರೆ ಸಾಗಿಸುವ ಖರ್ಚಿಗೆ ಕೈಸುಟ್ಟುಕೊಂಡರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಪ್ರವಾಸ ನಿಲ್ಲಿಸಿ, ಮತ್ತೆ ಹೊರಟದ್ದು 1976ರಲ್ಲಿ.

ಮನುಷ್ಯರ ನಷ್ಟ ಇದಕ್ಕಿಂತ ದೊಡ್ಡದು. ಪಿಗ್‌ಪೆನ್ 1973ರಲ್ಲಿ, 27ರ ವಯಸ್ಸಿಗೇ ತೀರಿಕೊಂಡರು. 1987ರ ಹಿಟ್ ಹಾಡಿನ ನಂತರ ಬಂದ ಜನಜಂಗುಳಿಯನ್ನು ಬ್ಯಾಂಡ್ ತಾಳಿಕೊಳ್ಳಲಾಗಲಿಲ್ಲ. 1995ರ ಜುಲೈನಲ್ಲಿ ಇಂಡಿಯಾನಾದ ಶೋನಲ್ಲಿ ಟಿಕೆಟ್ ಇಲ್ಲದ ಗುಂಪು ಬೇಲಿ ಮುರಿದು ನುಗ್ಗಿತು. ಮರುದಿನದ ಶೋ ರದ್ದಾಯಿತು. ಹೆರಾಯಿನ್, ಮಧುಮೇಹದಿಂದ ಜರ್ಜರಿತರಾಗಿದ್ದ ಗಾರ್ಸಿಯಾ ಅದೇ ಆಗಸ್ಟ್ 9ರಂದು, 53ರ ವಯಸ್ಸಿನಲ್ಲಿ ಹೋದರು. ಅವರ ಚಿತಾಭಸ್ಮದ ಒಂದು ಪಾಲನ್ನು 1996ರಲ್ಲಿ ಹೃಷಿಕೇಶದ ಗಂಗೆಯಲ್ಲಿ ಬಿಡಲಾಯಿತು. ಬಾಬ್ ವಿಯರ್ ಅದಕ್ಕಾಗಿ ಬಂದಿದ್ದರು. ಗಾರ್ಸಿಯಾ ಇಲ್ಲದೆ ಗ್ರೇಟ್‌ಫುಲ್ ಡೆಡ್ ಅನ್ನೋ ಹೆಸರಿನಲ್ಲಿ ಮುಂದುವರಿಯಲು ಉಳಿದವರು ಒಪ್ಪಲಿಲ್ಲ.

ಟೇಪ್ ಬಗ್ಗೆ ಬ್ಯಾಂಡ್ ಒಮ್ಮೆ ಮನಸ್ಸು ಬದಲಿಸಿದ್ದೂ ಇದೆ. 2005ರ ನವೆಂಬರ್‌ನಲ್ಲಿ, ಇಂಟರ್ನೆಟ್ ಆರ್ಕೈವ್ ಅನ್ನೋ ಉಚಿತ ಜಾಲತಾಣದ ಸಂಗ್ರಹದಲ್ಲಿದ್ದ ಶೋಗಳ ಡೌನ್‌ಲೋಡ್ ನಿಲ್ಲಿಸಿದರು. ಅಭಿಮಾನಿಗಳು ಸಿಟ್ಟಿಗೆದ್ದರು. ಬ್ಯಾಂಡ್ ಒಳಗೂ ಒಮ್ಮತ ಇರಲಿಲ್ಲ. ಕೆಲವೇ ದಿನಗಳಲ್ಲಿ ರಾಜಿಯಾಯಿತು: ಕೇಳುಗರು ಮೈಕ್ ಹಿಡಿದು ಮಾಡಿದ ರೆಕಾರ್ಡಿಂಗ್ ಇಳಿಸಿಕೊಳ್ಳಬಹುದು, ಸೌಂಡ್‌ಬೋರ್ಡ್‌ನಿಂದ ಬಂದದ್ದನ್ನು ಅಲ್ಲೇ ಕೇಳಬಹುದು ಅಷ್ಟೆ. ನನಗೆ ಇದು ನ್ಯಾಯವಾಗಿಯೇ ಕಾಣುತ್ತದೆ. ಮೊದಲನೆಯದು ಕೇಳುಗರ ಶ್ರಮ, ಎರಡನೆಯದು ಬ್ಯಾಂಡ್‌ನವರದು.

ಆ ಬ್ಯಾಂಡ್ ಕಡೆಯ ಶ್ರಮದಲ್ಲಿ ಬೆಟ್ಟಿ ಕ್ಯಾಂಟರ್-ಜಾಕ್ಸನ್ ಅವರ ಹೆಸರು ಹೇಳದಿದ್ದರೆ ತಪ್ಪಾಗುತ್ತದೆ. 70ರ ದಶಕದ ಅತಿ ಚೆಂದದ ಸೌಂಡ್‌ಬೋರ್ಡ್ ಟೇಪ್‌ಗಳು ಅವರು ಮಾಡಿದವು. ಅವರಿಗೆ ಕಷ್ಟ ಬಂದು ಗೋದಾಮಿನ ಬಾಡಿಗೆ ಕಟ್ಟಲಾಗದೆ 1986ರಲ್ಲಿ ಆ ಟೇಪ್‌ಗಳ ರಾಶಿ ಹರಾಜಾಯಿತು. ಕೊಂಡವರಿಂದ ಅದು ಟೇಪರ್‌ಗಳ ಕೈಗೆ ಬಂತು, ಅಲ್ಲಿಂದ ಎಲ್ಲರಿಗೂ. ಅದರಲ್ಲಿ ಒಂದು 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನಲ್ಲಿ ನಡೆದ ಶೋ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಅಧಿಕೃತ ಆಲ್ಬಂ ಆಗಿ ಹೊರಬಂದದ್ದು ಶೋ ನಡೆದ 40 ವರ್ಷಕ್ಕೆ, 2017ರಲ್ಲಿ.

ಹೊಸದಾಗಿ ಕೇಳುವವರು ಈ ಕಾರ್ನೆಲ್ ಶೋನಿಂದಲೇ ಶುರು ಮಾಡಬಹುದು. 'ಸ್ಕಾರ್ಲೆಟ್ ಬೆಗೋನಿಯಾಸ್' ಹಾಡು 'ಫೈರ್ ಆನ್ ದಿ ಮೌಂಟನ್'ಗೆ ಜಾರುವ ಜಾಗಕ್ಕೆ ಕಿವಿ ಕೊಡಿ. ಅದು ಹಿಡಿಸಿದರೆ 'ಲೈವ್/ಡೆಡ್'ಗೆ ಹೋಗಿ. ಇಷ್ಟುದ್ದ ತಾಳ್ಮೆ ಇಲ್ಲ ಅನ್ನುವವರಿಗೆ 1970ರ 'ಅಮೆರಿಕನ್ ಬ್ಯೂಟಿ' ಇದೆ. ಅದು ಸ್ಟುಡಿಯೋ ಆಲ್ಬಂ, ಪುಟ್ಟ ಹಾಡುಗಳು, ರಾಬರ್ಟ್ ಹಂಟರ್ ಬರೆದ ಸಾಲುಗಳು. ಅದರಲ್ಲಿ ಒಂದು ಹಾಡು ಇಷ್ಟವಾದರೆ ಅದೇ ಹಾಡಿನ ಬೇರೆ ಬೇರೆ ವರ್ಷಗಳ ಟೇಪ್‌ಗಳನ್ನು ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕಿ ಒಂದರ ಹಿಂದೆ ಒಂದು ಕೇಳಿ.